ದುರಂತ ನಾಯಕ ಮತ್ತು ಅವನ ತಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಹದಿನೈದು ದಿನಕ್ಕೊಮ್ಮೆ ಕೂತು ನಾಟಕ ಓದುತ್ತೇವೆ. ಬರುವವರಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ, ಜಗಳೂರು, ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವವರೂ ಇದ್ದಾರೆ. ಓದು ಮುಗಿದು ಮಂಡಕ್ಕಿ, ಮಿರ್ಚಿ ಎದುರಿಗೆ ಬಂದ ಮೇಲೆ ಏಳುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು ಎಂದು ಬರೆದಿಟ್ಟಿದ್ದೇನೆ.

ಬಸ್ಸು ಉರುಳಿದರೂ ಪತ್ರಿಕೆಯವರು ‘ದುರಂತ’ ಎನ್ನುತ್ತಾರೆ. ನಾಟಕದ ದುರಂತ ಬೇರೆಯೇ?

ಬೇರೆ. ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಲಾರಿ ಬಂದು ಕಾರಿಗೆ ಗುದ್ದಿದರೆ, ಸತ್ತವರ ಮನೆಗೆ ಅದು ಸಿಡಿಲು. ಆದರೆ ಕಾರಿನಲ್ಲಿದ್ದವನ ಸ್ವಭಾವಕ್ಕೂ ಆ ಲಾರಿಗೂ ಸಂಬಂಧವಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಅದೇ ಆಗುತ್ತಿತ್ತು. ನಾಟಕದ ದುರಂತದಲ್ಲಿ ಬೇರೆಯವರಿದ್ದಿದ್ದರೆ ಹಾಗಾಗುತ್ತಿರಲಿಲ್ಲ. ಕೇಡು ಆ ಮನುಷ್ಯನ ವಿಳಾಸ ಹಿಡಿದುಕೊಂಡೇ ಬಂದಿರುತ್ತದೆ. ವಿಳಾಸ ಕೊಟ್ಟವನೂ ಅವನೇ. ಕನ್ನಡ ವಿಮರ್ಶೆಯಲ್ಲಿ ‘ರುದ್ರನಾಟಕ’ ಎಂಬ ಮಾತೂ ಇದೆ. ನನಗೆ ಅದೇ ಹೆಚ್ಚು ಹಿಡಿಸುತ್ತದೆ. ಆದರೆ ಬಳಕೆಯಲ್ಲಿ ಗೆದ್ದಿರುವುದು ದುರಂತ, ಹಾಗಾಗಿ ಇಲ್ಲೂ ಅದೇ ಇರಲಿ.

ಹಮಾರ್ತಿಯ ಎಂದರೆ ನಾಯಕನ ದುರ್ಗುಣವೇ?

ಹಾಗೆಂದು ನಮಗೆ ಕಲಿಸಿದ್ದರು. ನಾನೂ ಹಾಗೆಯೇ ಬರೆದು ಅಂಕ ಪಡೆದವನು.

ಮಾತು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅವನು ಬರೆದ ‘ಪೊಯೆಟಿಕ್ಸ್’ ಗ್ರಂಥದ 13ನೆಯ ಅಧ್ಯಾಯದಲ್ಲಿ ಬರುತ್ತದೆ. ಅವನ ವಾದ ಸರಳ. ಪೂರ್ತಿ ಒಳ್ಳೆಯವನು ಹಾಳಾದರೆ ನೋಡುವವರಿಗೆ ಅಸಹ್ಯವಾಗುತ್ತದೆ. ಪೂರ್ತಿ ಕೆಟ್ಟವನು ಹಾಳಾದರೆ ‘ಸರಿಯಾಗಿಯೇ ಆಯಿತು’ ಎಂದು ಎದ್ದು ಹೋಗುತ್ತಾರೆ. ಇಬ್ಬರ ನಡುವಿನವನೊಬ್ಬ, ದುಷ್ಟತನದಿಂದಲ್ಲದೆ ಒಂದು ಹಮಾರ್ತಿಯದಿಂದ ಬಿದ್ದರೆ ಮಾತ್ರ ಕರುಣೆಯೂ ಹುಟ್ಟುತ್ತದೆ, ಭಯವೂ ಹುಟ್ಟುತ್ತದೆ. ಈ ಪದದ ಹಿಂದಿರುವ ಗ್ರೀಕ್ ಕ್ರಿಯಾಪದಕ್ಕೆ ಗುರಿ ತಪ್ಪುವುದು ಎಂದರ್ಥ. ಈಟಿ ಎಸೆದವನ, ಬಾಣ ಬಿಟ್ಟವನ ಗುರಿ.

ಗುರಿ ತಪ್ಪಿದವನನ್ನು ನಾವು ದುರ್ಗುಣಿ ಎನ್ನುವುದಿಲ್ಲ. ಅವನ ತೋಳಿನಲ್ಲಿ ಬಲವಿತ್ತು, ಕಣ್ಣು ಗುರಿಯ ಮೇಲೆಯೇ ಇತ್ತು, ಆದರೂ ಬಾಣ ಹೋಗಬಾರದ ಕಡೆ ಹೋಯಿತು. ‘ದೋಷ’ ಎಂದಾಗ ಮೈಮೇಲಿನ ಕಲೆಯಂತೆ ಕಾಣುತ್ತದೆ. ‘ಪ್ರಮಾದ’ ಎನ್ನಿ, ಅರಿಸ್ಟಾಟಲನಿಗೆ ಹತ್ತಿರವಾಗುತ್ತೀರಿ. ಪ್ರಮಾದ ಎನ್ನುವುದು ಮಾಡಿದ ಕೆಲಸದ ಹೆಸರು, ಮಾಡಿದವನ ಜಾತಕವಲ್ಲ.

ಹಾಗಾದರೆ ಗೈಡುಗಳಲ್ಲಿ ಇರುವ ಶೇಕ್ಸ್‌ಪಿಯರ್ ನಾಯಕರ ಪಟ್ಟಿ ತಪ್ಪೇ? ಮ್ಯಾಕ್‌ಬೆತ್ – ಮಹತ್ವಾಕಾಂಕ್ಷೆ, ಒಥೆಲೊ – ಅಸೂಯೆ, ಹ್ಯಾಮ್ಲೆಟ್ – ಅಳುಕು...

ಆ ಪಟ್ಟಿಯನ್ನು ಕಂಠಪಾಠ ಮಾಡಿದವರು ನಾಟಕ ಓದುವುದನ್ನೇ ಬಿಟ್ಟುಬಿಡುತ್ತಾರೆ, ನನ್ನ ತಕರಾರು ಅಷ್ಟೇ.

ಮ್ಯಾಕ್‌ಬೆತ್‌ನನ್ನೇ ತೆಗೆದುಕೊಳ್ಳಿ. ಡಂಕನ್ ದೊರೆಯನ್ನು ಯಾಕೆ ಕೊಲ್ಲಬಾರದು ಎಂದು ಆ ನಾಟಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳುವವನು ಯಾರು? ಮ್ಯಾಕ್‌ಬೆತ್ತೇ. ಮೊದಲ ಅಂಕದ ಏಳನೆಯ ದೃಶ್ಯದಲ್ಲಿ ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ: ಅವನು ನನ್ನ ಬಂಧು, ನಾನು ಅವನ ಪ್ರಜೆ, ಈ ರಾತ್ರಿ ಅವನು ನನ್ನ ಮನೆಯ ಅತಿಥಿ, ಬಾಗಿಲು ಕಾಯಬೇಕಾದವನು ನಾನು, ಚೂರಿ ಹಿಡಿಯಬೇಕಾದವನಲ್ಲ. ಮಹತ್ವಾಕಾಂಕ್ಷೆ ಇರುವವರು ಸಾವಿರ ಮಂದಿ. ಇಷ್ಟು ಸ್ಪಷ್ಟವಾಗಿ ಕಂಡೂ ಕೈ ಹಾಕುವವನು ಇವನೊಬ್ಬ. ಮುಂದೆ ನಡೆಯುವುದನ್ನು ಕಣ್ಣೆದುರಿಗೆ ತಂದುಕೊಳ್ಳುವ ಶಕ್ತಿಯೇ ಅವನನ್ನು ದೊಡ್ಡವನಾಗಿ ಮಾಡಿದ್ದು. ಕೊಲೆಯ ನಂತರ ಅವನಿಗೆ ನಿದ್ದೆ ಇಲ್ಲದಂತೆ ಮಾಡಿದ್ದೂ ಅದೇ. ಗೈಡಿನ ಒಂದು ಪದದಲ್ಲಿ ಇದೆಲ್ಲ ಎಲ್ಲಿ ಹಿಡಿಯುತ್ತದೆ?

ಪಟ್ಟಿಗಳ ಮೂಲ ಹುಡುಕಿದವರು ಸಾಮಾನ್ಯವಾಗಿ ಇಂಗ್ಲಿಷ್ ವಿಮರ್ಶಕ ಎ.ಸಿ. ಬ್ರಾಡ್ಲಿಯ 1904ರ ಉಪನ್ಯಾಸಗಳನ್ನು ತೋರಿಸುತ್ತಾರೆ. ಪಾಪ, ಬ್ರಾಡ್ಲಿ ಹೇಳಿದ್ದು ಬೇರೆಯೇ. ಶೇಕ್ಸ್‌ಪಿಯರನ ನಾಯಕರಿಗೆ ಮಾರಕವಾಗುವ ಗುಣವೇ ಅವರ ದೊಡ್ಡತನವೂ ಹೌದು ಎಂದಿದ್ದ. ಕೆಳಗೆ ಇಳಿಯುತ್ತಾ ಬಂದ ಟಿಪ್ಪಣಿಗಳು ‘ಮಾರಕ’ವನ್ನು ಇಟ್ಟುಕೊಂಡು ‘ದೊಡ್ಡತನ’ವನ್ನು ಕೈಬಿಟ್ಟವು.

ಕನ್ನಡದಲ್ಲಿ ಉದಾಹರಣೆ ಬೇಕಿದ್ದರೆ ಗಿರೀಶ ಕಾರ್ನಾಡರ ‘ತುಘಲಕ್’ (1964) ನೋಡಿ. ಅವನಿಗಿದ್ದ ಕೊರತೆ ಯಾವುದು? ಬುದ್ಧಿಯದೇ, ಕನಸಿನದೇ, ನ್ಯಾಯದ ಹಂಬಲದ್ದೇ? ಮೂರೂ ಅವನಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇದ್ದವು.

ಈಡಿಪಸ್‌ನದು ಹಣೆಬರಹ. ಹುಟ್ಟುವ ಮೊದಲೇ ದೈವವಾಣಿ ಆಗಿತ್ತು. ಅವನದು ತಪ್ಪು ಎಂದು ಹೇಗೆ ಹೇಳುತ್ತೀರಿ?

ನಮ್ಮಲ್ಲಿ ಅತಿ ಹೆಚ್ಚು ಜಗಳವಾಗುವುದು ಇದರ ಮೇಲೆ.

ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಎಂದು ದೈವವಾಣಿ ಹೇಳಿದ್ದು ನಿಜ. ಆದರೆ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕ ಶುರುವಾಗುವ ಹೊತ್ತಿಗೆ ಅವೆರಡೂ ನಡೆದು ವರ್ಷಗಳು ಕಳೆದಿವೆ. ಮೂರು ದಾರಿ ಕೂಡುವ ಜಾಗದಲ್ಲಿ ತಂದೆ ಲೇಯಸ್ ಅವನ ಕೈಯಲ್ಲಿ ಸತ್ತಾಗಿದೆ, ತಾಯಿ ಯೊಕಾಸ್ತಳಿಗೆ ಅವನಿಂದ ನಾಲ್ಕು ಮಕ್ಕಳಾಗಿವೆ. ರಂಗದ ಮೇಲೆ ನಾವು ನೋಡುವುದು ಒಂದೇ ಒಂದು ಕೆಲಸವನ್ನು: ಹುಡುಕಾಟ. ಆ ಹುಡುಕಾಟವನ್ನು ಯಾವ ದೈವವಾಣಿಯೂ ಅವನಿಂದ ಬಲವಂತವಾಗಿ ಮಾಡಿಸಲಿಲ್ಲ.

ಅವನು ಆಳುವ ಥೀಬ್ಸ್ ನಗರಕ್ಕೆ ಪಿಡುಗು ಬಂದಿದೆ. ಲೇಯಸ್‌ನ ಕೊಲೆಗಾರನನ್ನು ಹೊರಹಾಕಿದರೆ ಊರು ಉಳಿಯುತ್ತದೆ. ದೊರೆ ಎಲ್ಲರೆದುರಿಗೆ ಕೊಲೆಗಾರನಿಗೆ ಶಾಪ ಹಾಕುತ್ತಾನೆ, ಅವನು ನನ್ನ ಮನೆಯಲ್ಲೇ ಇದ್ದರೂ ಶಾಪ ನನಗೇ ತಟ್ಟಲಿ ಎಂದೂ ಸೇರಿಸುತ್ತಾನೆ. ಕುರುಡ ಕಾಲಜ್ಞಾನಿ ತೈರೀಸಿಯಸ್ ‘ಹೇಳಲಾರೆ, ಮನೆಗೆ ಕಳಿಸು’ ಎನ್ನುತ್ತಾನೆ. ಇವನು ಬಿಡುವುದಿಲ್ಲ. ಕೊನೆಗೆ ಯೊಕಾಸ್ತಳಿಗೆ ಎಲ್ಲ ತಿಳಿದುಹೋಗುತ್ತದೆ. ಸಾಕು, ನಿನ್ನ ಜೀವದ ಮೇಲೆ ಆಸೆಯಿದ್ದರೆ ಮುಂದೆ ಕೇಳಬೇಡ ಎಂದು ಬೇಡುತ್ತಾಳೆ. ಗಂಡನ ಕೀಳು ಹುಟ್ಟು ಬಯಲಾಗುತ್ತದೆಂದು ರಾಣಿ ನಾಚುತ್ತಿದ್ದಾಳೆ ಎಂದು ಅವನು ತಿಳಿಯುತ್ತಾನೆ! ಇಷ್ಟು ಬುದ್ಧಿವಂತ ಅಷ್ಟು ದೊಡ್ಡ ತಪ್ಪು ಊಹೆ ಮಾಡುವ ಆ ಗಳಿಗೆಯಲ್ಲಿ ಓದುವವರ ಧ್ವನಿ ತಾನಾಗಿಯೇ ತಗ್ಗುತ್ತದೆ.

ಒಗಟು ಬಿಡಿಸಿ ರಾಜನಾದವನು ಅವನು. ಬೆಳಗ್ಗೆ ನಾಲ್ಕು ಕಾಲು, ಮಧ್ಯಾಹ್ನ ಎರಡು, ಸಂಜೆ ಮೂರು. ಯಾವುದು ಆ ಪ್ರಾಣಿ? ಕಾಲಿನ ಒಗಟಿಗೆ ‘ಮನುಷ್ಯ’ ಎಂದು ಉತ್ತರ ಕೊಟ್ಟವನಿಗೆ ತನ್ನ ಕಾಲಿನ ಒಗಟು ಗೊತ್ತಿರಲಿಲ್ಲ. ಎಳೆಗೂಸಾಗಿದ್ದಾಗ ಹಿಮ್ಮಡಿ ಚುಚ್ಚಿ ಕಾಡಿಗೆ ಕಳಿಸಿದ್ದರಿಂದಲೇ ‘ಊದಿದ ಕಾಲಿನವನು’ ಎಂಬ ಹೆಸರು ಬಂದಿದ್ದು. ಒಗಟು ಎದುರಿಗಿದ್ದರೆ ಬಿಡಿಸದೆ ಕೂರಲಾರದ ಆ ಗುಣವನ್ನು ದೋಷ ಎನ್ನಿ, ಬೇಡವೆನ್ನುವುದಿಲ್ಲ. ಊರನ್ನು ಎರಡು ಸಲ ಉಳಿಸಿದ್ದೂ ಅದೇ ಎಂಬುದನ್ನು ಜೊತೆಗೆ ಬರೆಯಿರಿ.

‘ಹ್ಯೂಬ್ರಿಸ್’ ಎಂದರೆ ಅಹಂಕಾರ ತಾನೆ? ಎಲ್ಲ ದುರಂತ ನಾಯಕರಿಗೂ ಅದು ಇರಲೇಬೇಕೇ?

ಅಥೆನ್ಸಿನಲ್ಲಿ ಹ್ಯೂಬ್ರಿಸ್ ಎನ್ನುವುದು ಕಾನೂನಿನ ಪ್ರಕಾರ ಅಪರಾಧ. ಇನ್ನೊಬ್ಬನಿಗೆ ಅವಮಾನ ಮಾಡಿ ಖುಷಿಪಡುವ ದೌರ್ಜನ್ಯ. ಅದರ ಮೇಲೆ ದಾವೆ ಹೂಡಬಹುದಿತ್ತು. ದುರಂತ ನಾಯಕನಿಗೆ ಅದು ಇರಲೇಬೇಕೆಂದು ಅರಿಸ್ಟಾಟಲ್ ಎಲ್ಲೂ ಷರತ್ತು ಹಾಕಿಲ್ಲ.

ದುರ್ಯೋಧನ ಖಳನಲ್ಲವೇ? ಅವನನ್ನು ದುರಂತ ನಾಯಕ ಎನ್ನುವುದು ವಿಮರ್ಶಕರ ಹಠವಲ್ಲವೇ?

ವಿಮರ್ಶಕರಿಗಿಂತ ಸಾವಿರ ವರ್ಷ ಮೊದಲು ಆ ಹಠ ಹಿಡಿದವನು ರನ್ನ. ಅವನ ‘ಗದಾಯುದ್ಧ’ದ ಅಧಿಕೃತ ನಾಯಕ ಭೀಮ. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಯಾರು? ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುವ ದುರ್ಯೋಧನ. ದ್ರೋಣನನ್ನು ನೋಡುತ್ತಾನೆ, ತಮ್ಮನನ್ನು ನೋಡುತ್ತಾನೆ, ಕರ್ಣನನ್ನು ನೋಡುತ್ತಾನೆ. ಅಭಿಮನ್ಯುವಿನ ಹೆಣದ ಮುಂದೆ ನಿಂತು, ಶತ್ರುವಿನ ಮಗನೆನ್ನದೆ, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಎಂದು ಪ್ರಾರ್ಥಿಸುತ್ತಾನೆ. ಖಳರು ಹೀಗೆ ಮಾಡುವುದಿಲ್ಲ.

‘ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ’ ಎನ್ನುತ್ತಾನೆ. ಮಣ್ಣಿಗಾಗಿ ಹೋರಾಡುತ್ತಿದ್ದೇನೆಂದು ತಿಳಿದಿರೋ, ನನ್ನ ಹೋರಾಟ ಛಲಕ್ಕೆ. ಛಲ! ಹಮಾರ್ತಿಯ ಚರ್ಚೆಗೆ ಕನ್ನಡ ಕೊಡಬಹುದಾದ ಅತ್ಯುತ್ತಮ ಪದ ಇದು. ‘ಛಲ ಬಿಡದ ಹುಡುಗಿ’ ಎಂದು ಮಗಳನ್ನು ಹೊಗಳುತ್ತೇವೆ, ‘ಛಲಕ್ಕೆ ಬಿದ್ದು ಹಾಳಾದ’ ಎಂದು ದಾಯಾದಿಯನ್ನು ತೆಗಳುತ್ತೇವೆ. ಪದ ಒಂದೇ. ಪಂಪನೂ ಭಾರತದ ವೀರರಿಗೆ ಒಂದೊಂದು ಗುಣ ಹಂಚುವಾಗ ‘ಛಲದೊಳ್ ದುರ್ಯೋಧನಂ’ ಎಂದೇ ಹೊಗಳಿದ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳನ್ನೇ ಬಳಸಿ ‘ಗದಾಯುದ್ಧ ನಾಟಕಂ’ ಮಾಡಿದ್ದು ಸುಮ್ಮನೆ ಅಲ್ಲ. ಗ್ರೀಕ್ ನಾಟಕ ಓದಿದ ಕಣ್ಣಿಗೆ ನಮ್ಮ ಮನೆಯಲ್ಲೇ ಒಬ್ಬ ಕಂಡ.

ಚಳ್ಳಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ನೋಡಿದ ಕುರುಕ್ಷೇತ್ರ ನಾಟಕದ ಮಾತು ಹೇಳಿಬಿಡುತ್ತೇನೆ. ಇಂಥ ನಾಟಕಗಳಲ್ಲಿ ಪಾತ್ರಧಾರಿಗಳೇ ದುಡ್ಡು ಕಟ್ಟುತ್ತಾರೆ, ನಾನು ಕಂಡ ಮಂಡಳಿಗಳಲ್ಲಿ ದುರ್ಯೋಧನನಿಗೆ ಕಟ್ಟುವ ಹಣ ಧರ್ಮರಾಯನಿಗಿಂತ ಹೆಚ್ಚು. ಅಂದು ಕಟ್ಟಿದವರು ಈರುಳ್ಳಿ ಬೆಳೆಯುವ ಒಬ್ಬ ರೈತರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ವೈಶಂಪಾಯನ ಸರೋವರ ಬಂತು. ಸರೋವರವೆಂದರೆ ಇಬ್ಬರು ಹುಡುಗರು ಎರಡು ತುದಿ ಹಿಡಿದು ಅಲುಗಾಡಿಸುವ ನೀಲಿ ಸೀರೆ. ಅದರ ಹಿಂದೆ ದೊರೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ, ಕಿರೀಟದ ತುದಿ ಮಾತ್ರ ಕಾಣುತ್ತಿದೆ. ಈಚೆಯಿಂದ ಭೀಮ ಬಯ್ಯುತ್ತಿದ್ದಾನೆ. ಹಾರ್ಮೋನಿಯಂ ಮಾಸ್ತರರು ಶ್ರುತಿ ಏರಿಸಿದರು, ಸೀರೆ ಕೆಳಗಿಳಿಯಿತು, ಆತ ಎದ್ದು ನಿಂತರು. ಬಾಡಿಗೆ ಮಖಮಲ್ಲಿನ ಅಂಗಿ ಬೆವರಿಗೆ ಮೈಗಂಟಿತ್ತು, ಕೆನ್ನೆಯ ಬಣ್ಣ ಕತ್ತಿನವರೆಗೆ ಹರಿದಿತ್ತು. ರನ್ನನ ಸಾಲು ನೆನಪಾಯಿತು: ‘ನೀರೊಳಗಿರ್ದುಂ ಬೆಮರ್ದನ್ ಉರಗಪತಾಕಂ’. ನೀರಿನೊಳಗಿದ್ದೂ ಬೆವರಿದ. ಆ ಸಾಲನ್ನು ನಾನು ಇಪ್ಪತ್ತು ವರ್ಷ ಪಾಠದಲ್ಲಿ ಅಲಂಕಾರವೆಂದು ಓದಿದ್ದೆ, ಅದು ಮೈಯ ಮಾತೆಂದು ಅಂದು ತಿಳಿಯಿತು.

ತೊಡೆ ಮುರಿದು ಬಿದ್ದರು. ‘ಒನ್ಸ್ ಮೋರ್’ ಎಂದಿತು ಜನ. ಎದ್ದು ಗದೆ ಹಿಡಿದು, ಅದೇ ಪದ್ಯ ಹಾಡಿ, ಮತ್ತೆ ಬಿದ್ದರು. ಅರಿಸ್ಟಾಟಲ್ ಇದಕ್ಕೆ ಏನೆನ್ನುತ್ತಿದ್ದನೋ! ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿ ಕಣ್ಣೊರೆಸಿಕೊಳ್ಳುತ್ತಾ, ‘ಹಾಳಾದವನು, ಒಂದು ಸಲ ತಲೆ ಬಾಗಿಸಿದ್ದರೆ ಗಂಟೇನು ಹೋಗುತ್ತಿತ್ತು’ ಎಂದರು. ಬೈಗುಳ ಮತ್ತು ಕಣ್ಣೀರು ಒಂದೇ ಉಸಿರಿನಲ್ಲಿ. ‘ಪೊಯೆಟಿಕ್ಸ್’ 13ನೆಯ ಅಧ್ಯಾಯಕ್ಕೆ ಇದಕ್ಕಿಂತ ಚೊಕ್ಕ ವ್ಯಾಖ್ಯಾನ ನಾನು ಕೇಳಿಲ್ಲ.

ಕರ್ಣ?

ಅವನು ಈಡಿಪಸ್‌ನ ತಿರುವುಮುರುವು. ಈಡಿಪಸ್ ತಿಳಿಯದೆ ಮಾಡಿ ಆಮೇಲೆ ತಿಳಿದುಕೊಂಡ. ಕರ್ಣ ಎಲ್ಲ ತಿಳಿದ ಮೇಲೆ ಮಾಡುತ್ತಾನೆ. ಎದುರಿಗಿರುವವರು ತಮ್ಮಂದಿರೆಂದು ಕೃಷ್ಣ ಹೇಳಿಯಾಗಿದೆ, ಕುಂತಿಯೂ ಬಂದು ಹೋಗಿದ್ದಾಳೆ. ಆದರೂ ಉಂಡ ಮನೆಯ ಕಡೆಗೇ ನಿಲ್ಲುತ್ತಾನೆ. ಹಳಗನ್ನಡದಲ್ಲಿ ಈ ನಿಷ್ಠೆಗೆ ‘ಜೋಳದ ಪಾಳಿ’ ಎಂಬ ಮಾತಿದೆ. ಜೋಳದ ರೊಟ್ಟಿ ತಿನ್ನುವ ನಮ್ಮ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅವನ ನಿಷ್ಠೆ ತಪ್ಪು ಕಡೆಗಿತ್ತು ಎನ್ನುವವರು, ಸರಿಯಾದ ಕಡೆಗೆ ಹೋಗಿದ್ದರೆ ಅವನನ್ನು ಏನೆಂದು ಕರೆಯುತ್ತಿದ್ದರು ಎಂದು ಯೋಚಿಸಲಿ.

ನಮ್ಮ ಮದಕರಿ ನಾಯಕ ದುರಂತ ನಾಯಕನೇ?

ಕೋಟೆಯ ಊರಿನವರು ಇದನ್ನು ಕೇಳದೆ ಎದ್ದು ಹೋದದ್ದಿಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು, ನಡುವೆ ದುರ್ಗ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು, ನಾಯಕ ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಹೋದ. ಇಷ್ಟೇ ಆದರೆ ಅದು ಸೋಲು, ದೊಡ್ಡ ಸೈನ್ಯ ಚಿಕ್ಕದನ್ನು ನುಂಗಿದ ಲೆಕ್ಕ. ಅದು ದುರಂತವಾಗಬೇಕಾದರೆ ಬರೆಯುವವನು ನಾಯಕನ ಕೈಗೆ ಒಂದು ನಿರ್ಧಾರ ಕೊಡಬೇಕು, ಆ ನಿರ್ಧಾರ ಅವನ ಅತ್ಯುತ್ತಮ ಗುಣದಿಂದಲೇ ಹೊರಟಿರಬೇಕು. ತ.ರಾ.ಸು. ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟರು. ಅಸ್ತಮಾನ ದುರ್ಗದ್ದು ಎಂಬುದನ್ನು ಗಮನಿಸಿ. ಏಳು ಸುತ್ತಿನ ಕೋಟೆಯೇ ಅಲ್ಲಿ ಒಂದು ಪಾತ್ರ.

ಓಬವ್ವನನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ. ಬೇಡ. ಕಿಂಡಿಯ ಬಳಿ ಅವಳ ಒನಕೆ ಒಂದು ಸಲವೂ ಗುರಿ ತಪ್ಪಲಿಲ್ಲ.

ಸಂಸ್ಕೃತದಲ್ಲಿ ದುರಂತ ನಾಟಕವೇ ಇಲ್ಲವೇ?

ಹೆಚ್ಚಿಲ್ಲ. ರಂಗದ ಮೇಲೆ ಸಾವು ಕೂಡದು ಎಂಬುದು ನಾಟ್ಯಶಾಸ್ತ್ರದ ಸಂಪ್ರದಾಯ. ಆದರೆ ಭಾಸನ ‘ಊರುಭಂಗ’ದಲ್ಲಿ ತೊಡೆ ಮುರಿದ ದುರ್ಯೋಧನ ತಂದೆತಾಯಿ, ಹೆಂಡತಿಯರು, ಚಿಕ್ಕ ಮಗನನ್ನು ಕಂಡು ನಮ್ಮೆದುರಿಗೇ ಪ್ರಾಣ ಬಿಡುತ್ತಾನೆ. ತೊಡೆಯ ಮೇಲೆ ಕೂರಲು ಬರುವ ಮಗನನ್ನು ತಡೆಯಬೇಕಾಗಿ ಬರುವ ಆ ದೃಶ್ಯ ಎಂಥ ಕಲ್ಲೆದೆಯವನನ್ನೂ ಕರಗಿಸುತ್ತದೆ. ಭಾಸನ ಹೆಸರಿನ 13 ನಾಟಕಗಳು ಕೇರಳದ ತಾಳೆಗರಿಗಳಲ್ಲಿ ಸಿಕ್ಕಿ, ಗಣಪತಿ ಶಾಸ್ತ್ರಿಗಳಿಂದ 1912ರಿಂದ ಅಚ್ಚಾದವು. ಅಲ್ಲಿಯವರೆಗೆ ‘ನಮ್ಮಲ್ಲಿ ಇಲ್ಲ’ ಎನ್ನುವುದು ಸುಲಭವಾಗಿತ್ತು.

ನಾಯಕ ರಾಜನೇ ಆಗಿರಬೇಕೇ?

ಹೆಸರಾಂತ ಮನೆತನದವನಿರಲಿ ಎಂದ ಅರಿಸ್ಟಾಟಲ್. ಬಿದ್ದ ಸದ್ದು ಕೇಳಬೇಕಾದರೆ ಎತ್ತರದಿಂದ ಬೀಳಬೇಕಲ್ಲ. 1949ರಲ್ಲಿ ಅಮೆರಿಕದ ಆರ್ಥರ್ ಮಿಲ್ಲರ್ ಒಬ್ಬ ಸಾಮಾನು ಮಾರುವವನನ್ನೇ ನಾಯಕನಾಗಿ ಮಾಡಿ, ಸಾಮಾನ್ಯನಿಗೂ ಆ ಹಕ್ಕಿದೆ ಎಂದು ವಾದಿಸಿದ. ದಾವಣಗೆರೆಯಂಥ ಹತ್ತಿ ಗಿರಣಿಗಳ ಊರಿನಲ್ಲಿ ಇದನ್ನು ಒಪ್ಪಿಸಲು ಕಷ್ಟಪಡಬೇಕಿಲ್ಲ. ಗಿರಣಿ ಮುಚ್ಚಿ ಕೆಲಸ ಹೋದದ್ದು ಕಷ್ಟ, ದುರಂತವಲ್ಲ. ಆದರೆ ಕೆಲಸ ಹೋದ ಮೇಲೂ ಹೆಂಡತಿಗೆ ತಿಳಿಯದಿರಲೆಂದು ದಿನವೂ ಅದೇ ಹೊತ್ತಿಗೆ ಬುತ್ತಿ ಹಿಡಿದು ಹೊರಡುವವನೊಬ್ಬನನ್ನು ಕಲ್ಪಿಸಿಕೊಳ್ಳಿ. ಸುಳ್ಳು ಹೇಳುತ್ತಿರುವುದು ಅವನ ಮರ್ಯಾದೆ. ಅಲ್ಲಿಂದ ನಾಟಕ ಶುರು.

ದುರಂತ ನಾಯಕಿ ಇರುವುದಿಲ್ಲವೇ?

ಇದ್ದಾಳೆ. ಸೊಫೊಕ್ಲಿಸನ ‘ಅಂತಿಗೊನೆ’ ಓದಿದವರು ನಾಯಕ ಅವಳೋ ದೊರೆ ಕ್ರಿಯಾನನೋ ಎಂದು ಇಂದಿಗೂ ಜಗಳವಾಡುತ್ತಾರೆ. ಸತ್ತ ಅಣ್ಣನಿಗೆ ಮಣ್ಣು ಕೊಡಲೇಬೇಕೆಂದು ಅವಳು, ದೇಶದ್ರೋಹಿಗೆ ಮಣ್ಣಿಲ್ಲ ಎಂದು ಅವನು. ನನ್ನ ಮತ ಕ್ರಿಯಾನನಿಗೆ: ಅವಳು ತಾನು ಆರಿಸಿಕೊಂಡದ್ದನ್ನು ಪಡೆದಳು, ಅವನು ತಡವಾಗಿ ಬುದ್ಧಿ ಬಂದು, ಮಗನನ್ನೂ ಹೆಂಡತಿಯನ್ನೂ ಕಳೆದುಕೊಂಡು, ಬದುಕಿ ಉಳಿದ. ನಮ್ಮ ಗುಂಪಿನ ಹುಡುಗಿಯರು ಇದನ್ನು ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದರೆ ಅಂಕ ಸಿಗುತ್ತದೆಯೇ?

ನಮ್ಮ ಗುಂಪಿನ ಒಬ್ಬ ಹುಡುಗ ‘ಹಮಾರ್ತಿಯ ದುರ್ಗುಣವಲ್ಲ’ ಎಂದು ಬರೆದು ಹತ್ತಕ್ಕೆ ಮೂರು ಪಡೆದ. ಯಾವ ಕಾಲೇಜು ಎಂದು ಹೇಳುವುದಿಲ್ಲ. ಮೊದಲ ವಾಕ್ಯದಲ್ಲಿ ಗೈಡಿನ ಮಾತು ಬರೆಯಿರಿ, ಎರಡನೆಯದರಿಂದ ನಿಮ್ಮದು ಶುರು ಮಾಡಿ.

ನಮ್ಮ ಮಂಡಳಿಯವರು ಒಂದು ಗ್ರೀಕ್ ದುರಂತ ಆಡಬೇಕೆಂದಿದ್ದೇವೆ. ಹೇಗೆ ಹೊರಡುವುದು?

ಪಿ. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆ ಎರಡನ್ನೂ ಕನ್ನಡಕ್ಕೆ ತಂದಿದ್ದಾರೆ, ಅಲ್ಲಿಂದ ಹೊರಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನಾಟಕೋತ್ಸವದ ಹೊತ್ತಿಗೆ ಒಮ್ಮೆ ಹೋಗಿ, ಬಯಲು ರಂಗಮಂದಿರದ ಮೇಲಿನ ಮೆಟ್ಟಿಲಲ್ಲಿ ಕೂತು ನೋಡಿ. ಗ್ರೀಕರೂ ಗುಡ್ಡದ ಇಳಿಜಾರಿನಲ್ಲಿ ಹಾಗೆಯೇ ಕೂತು ನೋಡುತ್ತಿದ್ದರು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ, ಮಾತು ಮುಟ್ಟಬೇಕು. ಮೇಳದ (ಕೋರಸ್‌ನ) ಹಾಡುಗಳನ್ನು ಕತ್ತರಿಸಬೇಡಿ. ಬಯಲಾಟದ ಹಿಮ್ಮೇಳ ಗೊತ್ತಿರುವವರಿಗೆ ಅದು ಹೊಸದಲ್ಲ. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದನ್ನು ರಂಗದ ಮೇಲೆ ತೋರಿಸುವ ಆಸೆಗೆ ಬೀಳಬೇಡಿ. ಸೊಫೊಕ್ಲಿಸ್ ಅದನ್ನು ಒಳಗೆ ಮಾಡಿಸಿ, ಸೇವಕನೊಬ್ಬ ಬಂದು ಹೇಳುವಂತೆ ಮಾಡಿದ್ದಾನೆ. ಕೆಂಪು ಬಣ್ಣದ ಖರ್ಚೂ ಉಳಿಯಿತು.

ಮುಖ್ಯವಾಗಿ ಕುರಿಗಾಹಿಯ ಪಾತ್ರವನ್ನು ಕೊನೆಗೆ ಉಳಿದವರಿಗೆ ಹಂಚಬೇಡಿ. ಎಳೆಗೂಸು ಈಡಿಪಸ್‌ನನ್ನು ಕೊಂದು ಬಾ ಎಂದು ಅವನ ಕೈಗೆ ಕೊಟ್ಟಿದ್ದರು. ಅವನು ಬೆಟ್ಟದಲ್ಲಿ ವರ್ಷಕ್ಕೆ ಆರು ತಿಂಗಳು ಜೊತೆಯಾಗಿ ಮೇಯಿಸುತ್ತಿದ್ದ ಕೊರಿಂಥಿನ ಇನ್ನೊಬ್ಬ ಕುರಿಗಾಹಿಗೆ ಅದನ್ನು ಕೊಟ್ಟುಬಿಟ್ಟ. ಇಡೀ ನಾಟಕದ ಕೇಡು ಇಳಿದು ಬಂದದ್ದು ಆ ಒಂದು ಕೆಲಸದಿಂದ. ನಮ್ಮ ತಾಲೀಮಿನಲ್ಲಿ ಆ ಪಾತ್ರ ಮಾಡಿದವರು ಚಿಕ್ಕಂದಿನಲ್ಲಿ ನಿಜವಾಗಿಯೂ ಕುರಿ ಕಾಯ್ದವರು, ಅಂಗಡಿಯ ಕಂಬಳಿ ಬೇಡವೆಂದು ಮನೆಯದನ್ನೇ ತಂದಿದ್ದರು. ಯಾಕೆ ಕೊಲ್ಲಲಿಲ್ಲ ಎಂದು ದೊರೆ ಗದರಿಸುತ್ತಾನೆ. ‘ಕನಿಕರ ಬಂತು, ಒಡೆಯಾ’ ಎನ್ನಬೇಕು, ಅಷ್ಟೇ ಮಾತು. ಅದನ್ನು ಹೇಳುವ ಮೊದಲು ಅವರು ಎರಡೂ ಅಂಗೈಗಳನ್ನು ಜೋಡಿಸಿ, ಈಗಷ್ಟೇ ಈದ ಮರಿ ಹಿಡಿದಂತೆ, ಸ್ವಲ್ಪ ಹೊತ್ತು ನೋಡಿಕೊಂಡರು. ನಾವು ಯಾರೂ ಹೇಳಿಕೊಟ್ಟದ್ದಲ್ಲ.